ಮುನವಳ್ಳಿ ರಸ್ತೆಯಲ್ಲಿ ಗಾಲಿ ಬಿಚ್ಚಿದ್ದು
ಅಂದು ಕಾರು ನಿಂತಲ್ಲಿದ್ದ ಮರ ಬೇವಿನದೋ ಜಾಲಿಯದೋ, ಈಗ ಖಾತ್ರಿಯಿಲ್ಲ. ಮುನವಳ್ಳಿ ರಸ್ತೆ ಎಂಬುದೂ ನನ್ನ ನೆನಪಷ್ಟೇ. ಓಡಿಸಲು ಕಲಿತಿದ್ದರೂ ಕಾಕಾ ನನಗೆ ಕಾರಿನ ಕೀಲಿ ಕೊಡುತ್ತಿರಲಿಲ್ಲ. “ಪಂಕ್ಚರ್ ಆದ್ರ ಏನ್ ಮಾಡ್ತಿ?” ಎನ್ನುತ್ತಿದ್ದರು.

ಅಂದು ಕಾಕಾ, ಅವರ ಹೆಂಡತಿ ಮತ್ತು ನಾನು ಹೊರಟಿದ್ದಾಗ ಪಂಕ್ಚರ್ ಆಯಿತು. ಕಾಕಾ ಮೊದಲು ಜಾಕ್ ಏರಿಸಿ, ಆಮೇಲೆ ನಟ್ಟು ಬಿಚ್ಚಲು ಪಾನಾ ಹಾಕಿದರು. ನಟ್ಟು ಸಡಿಲಾಗದೆ ಗಾಲಿಯೇ ತಿರುಗಿತು.

“ರಾಟಿ ತಿರುವಾಕ ಹತ್ತೀರೇನ್ರೀ?” ಮರದ ನೆರಳಿನಿಂದ ಅವರ ಹೆಂಡತಿ ನಕ್ಕರು.

ನಾನು ಕಾರನ್ನು ಕೆಳಗಿಳಿಸಿದೆ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆ. ಪಾನಾದ ಮೇಲೆ ಕಾಲಿಟ್ಟು ಮೈಭಾರ ಬಿಟ್ಟಾಗ ನಟ್ಟುಗಳು ಒಂದೊಂದಾಗಿ ಸಡಿಲಾದವು. ಆಮೇಲೆ ಜಾಕ್ ಏರಿಸಿ ಸ್ಟೆಪ್ನಿ ಹಾಕಿದೆ, ಇಳಿಸಿ ಬಿಗಿ ಮಾಡಿದೆ.

ಕಾಕಾ ಕೀಲಿ ಕೊಟ್ಟು ಎಡಗಡೆ ಕುಳಿತರು. ಮೂರನೆಯ ಗೇರಿಗೆ ಬಂದಾಗ ಕೇಳಿದೆ:

“ಇಷ್ಟ್ ವರ್ಷ ಪಂಕ್ಚರ್ ಆದಾಗ ಗಾಲಿ ಯಾರ್ ಬದಲಿ ಮಾಡ್ತಿದ್ರು, ಕಾಕಾ?”