ಕೆಂಪು ಬಹಿಯ ಫುಟ್‌ಬಾಲ್ ಹಾಳೆಗಳು

ನಮ್ಮ ಮಾವನವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗ ಹುಣಸೆಬೀಜದ ಹಾಗೆ ಕಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ಕಾಶಿಯಲ್ಲಿ ಅವರದು ಪೌರೋಹಿತ್ಯ. ಊರ ಕಡೆಯಿಂದ ಶ್ರಾದ್ಧ ಮಾಡಿಸಲು ಬಂದವರು ಕೊನೆಗೆ ಕಾಲಿಗೆರಗುವಾಗ ಆ ಬೆರಳು ನೋಡದೆ ಗತಿಯಿಲ್ಲ. ಒಮ್ಮೆ ಹಾಸನದ ಕಡೆಯ ಮುದುಕರೊಬ್ಬರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಯಾವ ತಪಸ್ಸಲ್ಲಿ ಹೋಯ್ತು ಸ್ವಾಮಿ?" ಎಂದರು.

"ಕಾರ್ನರ್ ಕಿಕ್ಕಲ್ಲಿ. ಏಳಿ, ದೋಣಿಯವನು ಕಾಯ್ತಿದಾನೆ," ಎಂದರು ಮಾವನವರು.

ಅವರು ಹುಟ್ಟಿದ್ದು ಕಾಶಿಯ ಸೋನಾರ್‌ಪುರದ ಗಲ್ಲಿಯಲ್ಲೇ. ಪಕ್ಕದ ಬಂಗಾಳಿ ಹುಡುಗರ ಜೊತೆ ಒದ್ದೂ ಒದ್ದೂ ಕಲಿತ ಆಟ. ಬೆಳಿಗ್ಗೆ ಬೆರಳಿಗೆ ದರ್ಭೆ, ಸಂಜೆ ಕೊರಳಿಗೆ ಸೀಟಿ. ಕಚ್ಚೆ ಮಾತ್ರ ಎರಡಕ್ಕೂ ಒಂದೇ. ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ನಂಜನಗೂಡಿನಿಂದ ಸೊಸೆಯಾಗಿ ಬಂದಾಗ ಗಲ್ಲಿಯವರದೇ ಒಂದು ಸಣ್ಣ ಕ್ಲಬ್ಬಿತ್ತು. ಅದರ ಚಿಕ್ಕ ಹುಡುಗರ ವಿಭಾಗ ಮಾವನವರದು. ಅಸ್ಸಿ ಘಾಟಿನ ಹಿಂದಿನ ಬಯಲಿನಲ್ಲಿ ದೋಣಿಯವರ ಮಕ್ಕಳು, ನೇಕಾರರ ಮಕ್ಕಳು, ಮಿಠಾಯಿ ಅಂಗಡಿಯ ಬಂಗಾಳಿ ಮಕ್ಕಳು, ಎಲ್ಲರೂ ಅವರ ಸೀಟಿಗೆ ಓಡುತ್ತಿದ್ದರು. ಮನೆಗೆ ಬಂದರೆ ನಮ್ಮತ್ತೆ ಬಾಗಿಲಲ್ಲೇ ಬಕೆಟ್ಟು ಇಟ್ಟುಕೊಂಡು, "ಮೊದ್ಲು ಸ್ನಾನ" ಎನ್ನುತ್ತಿದ್ದರು.

ಕಾಶಿಯ ಪುರೋಹಿತರ ಹತ್ತಿರ ಬಹಿ ಇರುತ್ತದೆ. ಕೆಂಪು ಬಟ್ಟೆ ಸುತ್ತಿದ ಉದ್ದನೆಯ ಪುಸ್ತಕ. ಯಾತ್ರಿಕರ ವಂಶಾವಳಿಯೆಲ್ಲ ಅದರಲ್ಲಿ: ಮುತ್ತಾತನ ಹೆಸರು, ಅವನ ಕೆಳಗೆ ಮಕ್ಕಳು, ಅವರ ಕೆಳಗೆ ಮೊಮ್ಮಕ್ಕಳು. ಮಾವನವರು ತಮ್ಮ ಬಹಿಯ ಕೊನೆಯ ಹಾಳೆಗಳಲ್ಲಿ ಫುಟ್‌ಬಾಲ್ ಹುಡುಗರ ವಂಶವನ್ನೂ ಹಾಗೇ ಬರೆದಿಟ್ಟಿದ್ದರು. ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಎಷ್ಟೇ ಚೆನ್ನಾಗಿ ಆಡಲಿ, ಒಬ್ಬ ಪುಟ್ಟ ಹುಡುಗನಿಗೆ ಎರಡೂ ಕಾಲಲ್ಲಿ ಚೆಂಡು ನಿಲ್ಲಿಸುವುದನ್ನು ಕಲಿಸುವ ತನಕ ಯಾವನೂ ದೊಡ್ಡವರ ತಂಡಕ್ಕೆ ಹೋಗುವಂತಿಲ್ಲ. ಪುಟ್ಟವನು ಪರೀಕ್ಷೆಯಲ್ಲಿ ಗೆದ್ದರೆ ಅವನ ಹೆಸರು ದೊಡ್ಡವನ ಕೆಳಗೆ. ಹೀಗೆ ಒಬ್ಬರ ಕೆಳಗೊಬ್ಬರು, ನಾಲ್ಕು ತಲೆಮಾರು ಇಳಿದಿತ್ತು.

ನನ್ನದೂ ಒಂದು ಕಥೆಯಿದೆ. ಮದುವೆಯಾದ ಹೊಸದು, ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದೆ. ಗೋಡೆಯಾಚೆಯಿಂದ ಚೆಂಡು ಬಂದು ಸರಿಯಾಗಿ ಹಪ್ಪಳದ ನಡುವೆ ಬಿತ್ತು. ಸಿಟ್ಟು ಬಂತು. ಸೀರೆ ಎತ್ತಿ ಕಟ್ಟಿ ಒದ್ದೆ. ಚೆಂಡು ಗೋಡೆ ದಾಟಿ ಹೋಯಿತು. ಆಚೆಯಿಂದ ಒಬ್ಬ ಹುಡುಗ, "ಕಾ ಗುರು! ಯಾರಪ್ಪಾ ಇವನು?" ಎಂದು ಕಾಶಿಯ ಮಾತಿನಲ್ಲಿ ಕೂಗಿದ. ಒದ್ದವನು ಗಂಡಸೆಂದೇ ತಿಳಿದಿದ್ದ! ತಿರುಗಿ ನೋಡಿದರೆ ಬಾಗಿಲಲ್ಲಿ ಮಾವನವರು. ಎತ್ತಿ ಕಟ್ಟಿದ್ದ ಸೀರೆ ಇಳಿಸಿದೆ.

"ಎಡಗಾಲಾ?" ಎಂದರು.

"ತಪ್ಪಾಯ್ತು ಮಾವ."

"ಕಾಲು ಯಾವುದು ಅಂತ ಕೇಳಿದೆ. ತಪ್ಪು ಆಮೇಲೆ ನೋಡೋಣ."

ಅಂದಿನಿಂದ ನಮ್ಮತ್ತೆ ಮಧ್ಯಾಹ್ನ ನಿದ್ದೆ ಹೋದಾಗ ಅಂಗಳದಲ್ಲಿ ನನಗೆ ಪಾಠ. "ಕಾಲು ಬಿಗೀಬೇಡ ಕಣಮ್ಮ. ಎಳೇ ಕೂಸಿನ ತಲೆ ಹಿಡಿಯೋ ಹಾಗೆ ಚೆಂಡು ಹಿಡೀಬೇಕು" ಎನ್ನುತ್ತಿದ್ದರು. ಮುಂದೆ ಕೂಸು ಹುಟ್ಟಿದಾಗ ತಲೆ ಹಿಡಿಯಲು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ನಮ್ಮ ಮನೆಯವರು ಆಗ ಕ್ಲಬ್ಬಿನ ಸೆಕ್ರೆಟರಿ. ಒಂದು ವರ್ಷ ಶೀಲ್ಡು ಪಂದ್ಯದಲ್ಲಿ ಕಾಶಿಯದೇ ಲಂಕಾ ಬಡಾವಣೆಯ ತಂಡದೆದುರು ಸೋತು ಬಂದವರು ಎರಡು ದಿನ ಕ್ಲಬ್ಬಿನ ಕಮಿಟಿ ಸಭೆಯಲ್ಲೇ ಕಳೆದರು. ಮೂರನೆಯ ದಿನ ಊಟಕ್ಕೆ ಕೂತಾಗ ಬಾಯಿ ಬಿಟ್ಟರು.

"ಅಪ್ಪ, ಕಮಿಟಿ ತೀರ್ಮಾನ ಮಾಡಿದೆ. ಹೊರಗಿಂದ ನಾಲ್ಕು ಜನ ತಯಾರಾದ ಆಟಗಾರರನ್ನ ಕರೆಸ್ತೀವಿ. ಸಂಜೆ ಹೊತ್ತು ಬಯಲು ಅವರಿಗೆ ಬೇಕು. ಹುಡುಗರ ವಿಭಾಗ ಸದ್ಯಕ್ಕೆ ನಿಲ್ಲಿಸೋಣ."

"ಹುಡುಗರು ಇನ್ನು ಮೂರು ವರ್ಷಕ್ಕೆ ಸಿದ್ಧವಾಗ್ತಾರೆ."

"ಮೂರು ವರ್ಷ ಯಾರು ಕಾಯ್ತಾರೆ? ಶೀಲ್ಡು ಈ ಸಲ ಬೇಕು."

"ನಿನ್ನ ಮದುವೆಯಾದ ಮರುತಿಂಗಳೇ ಮೊಮ್ಮಗು ತಗೊಂಡು ಬಾ ಅಂತ ನಾನು ಕೂತಿದ್ನೇನೋ?"

ಸಾರಿನ ಪಾತ್ರೆ ಹಿಡಿದಿದ್ದ ನನಗೆ ನಗು ತಡೆಯಲಾಗಲಿಲ್ಲ. ಇವರು ದುರುಗುಟ್ಟಿದರು.

"ಬರೋರ ಹೆಸರು ಯಾರ ಕೆಳಗೆ ಬರೀಲಿ? ಅವರ ಕೆಳಗೆ ಯಾರನ್ನ ಬರೀಲಿ?" ಮಾವನವರು ಮತ್ತೆ ಕೇಳಿದರು.

"ಬಹಿಯಲ್ಲಿ ಬರೆದ ಹೆಸರು ಗೋಲು ಹೊಡೆಯಲ್ಲ ಅಪ್ಪ."

ಮಾವನವರು ನನ್ನ ಕಡೆ ನೋಡಿದರು. ಆ ಮನೆಯಲ್ಲಿ ಚೆಂಡು ಅಂದರೆ ಏನೆಂದು ಗೊತ್ತಿದ್ದ ಇನ್ನೊಂದು ಜೀವ ನಾನೇ. ಒಂದು ಮಾತು ಆಡಬಹುದಿತ್ತು. ನಾನು ಇವರ ಎಲೆಗೆ ಸಾರು ಬಡಿಸಿದೆ. ಮಾವನವರು ಮಜ್ಜಿಗೆ ಅನ್ನಕ್ಕೆ ಕಾಯದೆ ಎದ್ದರು.

ಆ ವರ್ಷ ಶೀಲ್ಡು ಗೆದ್ದರು. ಸುಳ್ಳೇಕೆ ಹೇಳಲಿ, ಚೆನ್ನಾಗೇ ಆಡಿ ಗೆದ್ದರು. ಡೋಲು ಬಾರಿಸಿಕೊಂಡು ಮನೆಗೆ ತಂದರು. ಬಾಗಿಲಲ್ಲಿ ಆರತಿ ಎತ್ತಿದ್ದು ನಾನೇ. ಇವರು ಅದನ್ನು ದೇವರ ಗೂಡಿನ ಪಕ್ಕ ಇಡಲು ಹೋದಾಗ ಮಾವನವರು ಜಪದ ನಡುವೆ ಕಣ್ಣು ಬಿಟ್ಟು, "ಅಲ್ಲಿ ಬೇಡ. ವರ್ಷ ಕಳೆದ ಮೇಲೆ ವಾಪಸ್ ಕೊಡಬೇಕಲ್ಲ" ಎಂದರು.

ಕೊಟ್ಟೆವು. ಹೊರಗಿನಿಂದ ಬಂದ ನಾಲ್ವರೂ ಮುಂದಿನ ವರ್ಷ ಬೇರೆ ಕ್ಲಬ್ಬು ಕರೆದಾಗ ಹೋದರು. ಅವರ ತಪ್ಪೇನಿದೆ? ಕರೆದಲ್ಲಿಗೆ ಹೋಗುವುದೇ ಅವರ ಕಸುಬು. ಹುಡುಗರನ್ನು ಕರೆಯೋಣವೆಂದರೆ ಒಬ್ಬ ಆಗಲೇ ಅಪ್ಪನ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ, ಇಬ್ಬರು ಮಗ್ಗಕ್ಕೆ ಕೂತಿದ್ದರು, ಇನ್ನೊಬ್ಬ ಲಂಕಾದಲ್ಲಿ ಪುಸ್ತಕದ ಅಂಗಡಿ ಸೇರಿದ್ದ. ಪುಟ್ಟವರಿಗೆ ಚೆಂಡು ನಿಲ್ಲಿಸುವುದನ್ನು ಯಾರೂ ಕಲಿಸಿರಲಿಲ್ಲ. ಮೂರನೆಯ ವರ್ಷ, ಆ ಹುಡುಗರು ಸಿದ್ಧವಾಗಬೇಕಿದ್ದ ವರ್ಷ, ಹನ್ನೊಂದು ಜನ ಕೂಡದೆ ಕ್ಲಬ್ಬು ಪಂದ್ಯಕ್ಕೇ ಹೋಗಲಿಲ್ಲ. ಆಮೇಲೆ ಉಳಿದದ್ದು ಬೋರ್ಡು ಮಾತ್ರ. ಅದನ್ನೂ ಯಾರೋ ಚಹಾ ಅಂಗಡಿಗೆ ಸೂರಾಗಿ ಹೊದಿಸಿಕೊಂಡರು.

"ನಾನು ಆಗಲೇ ಹೇಳಿದ್ದೆ" ಎಂದು ಮಾವನವರು ಒಂದು ದಿನವೂ ಅನ್ನಲಿಲ್ಲ. ನಾನಾಗಿದ್ದರೆ ದಿನಾ ಮೂರು ಹೊತ್ತು ಅನ್ನುತ್ತಿದ್ದೆ. ಅವರು ಸಂಜೆ ಬಯಲಿನ ಅಂಚಿಗೆ ಹೋಗಿ ಕೂರುವರು, ಕತ್ತಲಾಗುವ ಮುಂಚೆ ಬರುವರು. ಸೀಟಿ ಗೂಟದ ಮೇಲೇ ಇರುತ್ತಿತ್ತು. ಬಕೆಟ್ಟಿನ ಕೆಲಸವಿಲ್ಲದೆ ನಮ್ಮತ್ತೆಗೂ ಬೇಜಾರು. ಆ ಚಳಿಗಾಲ ದಾಟಲಿಲ್ಲ ಮಾವನವರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಇವರೂ ಮೈದುನನೂ ಬಹಿ ಬಿಚ್ಚಿದರು. ನಮ್ಮಲ್ಲಿ ಅದೇ ಆಸ್ತಿ. ಮೈಸೂರು ಕಡೆಯ ಕುಟುಂಬಗಳು ಇವರಿಗೆ, ಹಾಸನದ ಕಡೆಯವು ಮೈದುನನಿಗೆ. ಹೊಲಿಗೆ ಬಿಚ್ಚಿ ಹಾಳೆಗಳನ್ನು ಪಾಲು ಮಾಡಿದರು. ಫುಟ್‌ಬಾಲ್ ಹಾಳೆಗಳು ಯಾರ ಪಾಲಿಗೂ ಬರಲಿಲ್ಲ. ಅಪ್ಪನ ಕೈಬರಹ, ಕಸಕ್ಕೆ ಹಾಕುವಂತಿಲ್ಲ. "ಗಂಗೆಗೆ ಬಿಡೋಣ. ಬಟ್ಟೆಯಲ್ಲಿ ಕಟ್ಟಿಡು" ಎಂದು ಇವರು ನನ್ನ ಕೈಗೆ ಕೊಟ್ಟರು.

ಕಟ್ಟಿದೆ. ಹಾಳೆಗಳನ್ನಲ್ಲ, ಸೆಕ್ರೆಟರಿಯಾಗಿ ಇವರು ಮನೆಯಲ್ಲಿಟ್ಟಿದ್ದ ಕ್ಲಬ್ಬಿನ ಕಮಿಟಿಯ ನಡಾವಳಿ ಪುಸ್ತಕವನ್ನು. ಇವರು ದೋಣಿಯಲ್ಲಿ ನಡುನೀರಿಗೆ ಹೋಗಿ, ಹೂವಿಟ್ಟು, ಕಣ್ಣೀರು ಹಾಕಿ, ಅದನ್ನು ಬಿಟ್ಟು ಬಂದರು. ಆಮೇಲೆ ಒಂದು ತಿಂಗಳು ನಡಾವಳಿ ಪುಸ್ತಕ ಹುಡುಕಿದರು. ನಾನೂ ಜೊತೆಗೆ ಅಟ್ಟ ಹತ್ತಿ ಹುಡುಕಿದೆ.

ಹಾಳೆಗಳು ಈಗಲೂ ನನ್ನ ಟ್ರಂಕಿನಲ್ಲಿವೆ. ಎಲ್ಲಕ್ಕಿಂತ ಮೇಲೆ ಮಾವನವರ ಹೆಸರು. ಅದರ ಕೆಳಗೆ ಅವರೇ ಕಲಿಸಿದವರ ಸಾಲು, ಅವರವರ ಕೆಳಗೆ ಅವರವರು ಕಲಿಸಿದವರು, ಆ ವರ್ಷಕ್ಕೆ ಬಂದು ಎಲ್ಲ ಗೆರೆಗಳೂ ನಿಂತಿವೆ. ಮೊದಲ ಸಾಲಿನ ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, ಎರಡೇ ಮಾತು: "ಸೊಸೆ. ಎಡಗಾಲು." ಕೆಳಗೊಂದು ಗೆರೆ ಎಳೆದು ಜಾಗ ಬಿಟ್ಟಿದ್ದಾರೆ.

ಮೂರು ಮಕ್ಕಳನ್ನು ಹೆತ್ತೆ, ಐದು ಮೊಮ್ಮಕ್ಕಳನ್ನು ಎತ್ತಿ ಆಡಿಸಿದೆ. ಒಬ್ಬರಿಗೂ ಕಲಿಸಲಿಲ್ಲ. ಮೊದಲು ನಮ್ಮತ್ತೆಯ ಭಯ, ಆಮೇಲೆ ಇವರ ಭಯ, ಇಬ್ಬರೂ ಹೋದ ಮೇಲೆ ಮಂಡಿನೋವು. ನೆಪಕ್ಕೆ ನನಗೆ ಯಾವತ್ತೂ ಬರ ಬಂದಿಲ್ಲ. ಗೆರೆಯ ಕೆಳಗೆ ಖಾಲಿ ಹಾಗೇ ಇದೆ. ಎಪ್ಪತ್ತು ದಾಟಿದೆ. ಮಾವನವರ ನಿಯಮದ ಪ್ರಕಾರ ನಾನಿನ್ನೂ ದೊಡ್ಡವರ ತಂಡಕ್ಕೆ ಸೇರಿಲ್ಲ.