ಯಂತ್ರದ ನಾಯಿಯ ಕಾಲಿಗೆ ಇಂಬಳ

ಇಸವಿ ಎರಡು ಸಾವಿರ ದಾಟಿದ ಮೇಲಿನ ಮಾತು. ನನ್ನ ಹೆಂಡತಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು, ಮಾತು ನಿಂತಿತು. ಮಾತು ಮರಳಬೇಕಾದರೆ ದಿನಾ ಅಭ್ಯಾಸ ಬೇಕು, ಸುಮ್ಮನೆ ಬಿಟ್ಟರೆ ಕಷ್ಟ ಎಂದು ಚಿಕ್ಕಮಗಳೂರಿನ ಡಾಕ್ಟರು ಎಚ್ಚರಿಸಿದ್ದರು.

ಮಲ್ಲಂದೂರಿನ ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷ ರೈಟರಾಗಿ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಆಳುಗಳ ಹಾಜರಿ ಕರೆದವನು ನಾನು. ಮನೆಯಲ್ಲೂ ಅದೇ ಶಿಸ್ತು ತಂದೆ. ಏಳಕ್ಕೆ, ಹನ್ನೊಂದಕ್ಕೆ, ನಾಲ್ಕಕ್ಕೆ ಅವಳೆದುರು ಕುರ್ಚಿ ಹಾಕಿ ಕೂತು, "ನೀರು ಅನ್ನು. ಹಾಲು ಅನ್ನು" ಎನ್ನುತ್ತಿದ್ದೆ. ಅವಳು ಗೋಡೆಯ ಕಡೆ ತಿರುಗುತ್ತಿದ್ದಳು. ಆರು ವಾರ ಒಂದು ಶಬ್ದವೂ ಹೊರಡಲಿಲ್ಲ.

ಆಗ ಅವಳ ತಂಗಿ, ತನ್ನ ಮನೆಯಲ್ಲಿ ಮಕ್ಕಳು ಆಡಿ ಬಿಟ್ಟಿದ್ದ ಯಂತ್ರದ ನಾಯಿಯೊಂದನ್ನು ತಂದಳು. ಬೆಕ್ಕಿನಷ್ಟು ಗಾತ್ರ, ಬೂದು ಪ್ಲಾಸ್ಟಿಕ್ಕು. ಹತ್ತಿರ ಯಾರಾದರೂ ಮಾತಾಡಿದರೆ ಕಣ್ಣಿನ ದೀಪ ಹೊತ್ತಿ ಬಾಲ ಅಲ್ಲಾಡುತ್ತಿತ್ತು. ಸದ್ದಿಲ್ಲದಿದ್ದರೆ ತಲೆ ತಗ್ಗಿಸಿ ಮಲಗಿಬಿಡುತ್ತಿತ್ತು.

"ಇದೆಂಥ ಆಟ? ಅವಳೇನು ಮಗುವಾ?" ಎಂದೆ.

"ನಿಮ್ ಹಾಜರಿಗೆ ಅಕ್ಕ ಓ ಅಂದ್ಲಾ ಭಾವ? ಇಲ್ವಲ್ಲ. ಇದೊಂದು ನೋಡುವ, ಸುಮ್ನಿರಿ" ಎಂದು ನಾಯಿಯನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಹೋದಳು.

ಅದು ತಲೆ ತಗ್ಗಿಸಿದಾಗಲೆಲ್ಲ ಹೆಂಡತಿ ಚಡಪಡಿಸುತ್ತಿದ್ದಳು. ಮೂರನೆಯ ದಿನ ನಾನು ಅಡುಗೆಮನೆಯಲ್ಲಿದ್ದಾಗ, "ಏಳು... ಮಾರಾಯ" ಎಂದದ್ದು ಕೇಳಿಸಿತು. ಓಡಿ ಬಂದರೆ ಬಾಲ ಅಲ್ಲಾಡುತ್ತಿತ್ತು, ಅವಳ ಕಣ್ಣು ತುಂಬಿತ್ತು. ನನ್ನನ್ನು ಕಂಡದ್ದೇ ಬಾಯಿ ಮುಚ್ಚಿದಳು. ಅಂದೇ ಕುರ್ಚಿ ಎತ್ತಿಟ್ಟೆ. ಬಾಗಿಲಾಚೆ ನಿಂತು ಕೇಳುತ್ತಿದ್ದೆ. ನಾಯಿಗೆ ದಿನಕ್ಕೊಂದೆರಡು ಹೊಸ ಮಾತು ಸಿಗುತ್ತಿತ್ತು, ನನಗೆ ಒಂದೂ ಇಲ್ಲ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು.

ಜುಲೈ ತಿಂಗಳ ಒಂದು ಮಧ್ಯಾಹ್ನ ಮಳೆ ನಿಂತು ಹೊಳವಾಯಿತೆಂದು ಅವಳನ್ನು ಅಂಗಳದಲ್ಲಿ ಕೂರಿಸಿ, ನಾಯಿಯನ್ನು ಹುಲ್ಲಿನ ಮೇಲೆ ಬಿಟ್ಟಿದ್ದೆ. ಮಳೆಗಾಲದಲ್ಲಿ ಹುಲ್ಲಿಗಿಳಿದ ನಾಯಿಗಳ ಬೆರಳ ಸಂದಿಗೆ ಇಂಬಳ ಕಚ್ಚಿಕೊಂಡು ರಕ್ತ ಹೀರುವುದು ನಮ್ಮ ಕಡೆ ದಿನದ ಪಾಡು. ಉಪ್ಪು ಹಾಕಿ ಬಿಡಿಸಬೇಕು. ಒಳಗೆ ಬಂದ ಮೇಲೆ ಅವಳು ಆ ಬೊಂಬೆಯನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು, ನೇರ ನನ್ನ ಮುಖ ನೋಡಿ, "ಇಂಬಳ... ನೋಡಿ" ಎಂದಳು.

ಕಾಯಿಲೆ ಬಿದ್ದ ಮೇಲೆ ನನಗೆಂದು ಆಡಿದ ಮೊದಲ ಮಾತು. ಪ್ಲಾಸ್ಟಿಕ್ಕಿಗೆ ಇಂಬಳ ಹತ್ತುತ್ತದೆಯೇ ಎಂದು ಕೇಳುವ ಬಾಯಿ ನನ್ನದು. ಅವತ್ತು ಕೇಳಲಿಲ್ಲ. ಉಪ್ಪಿನ ಡಬ್ಬಿ ತಂದು, ಕನ್ನಡಕ ಹಾಕಿಕೊಂಡು, ನಾಲ್ಕೂ ಪಾದಗಳನ್ನು ಒಂದೊಂದಾಗಿ ಪರೀಕ್ಷಿಸಿದೆ.

"ಇಲ್ಲ ಮಾರಾಯ್ತಿ, ಒಂದೂ ಹತ್ತಿಲ್ಲ."

ಅವಳ ಸೊಟ್ಟ ತುಟಿ ಅದುರಿತು. ಅದು ನಗು ಎಂದು ತಿಳಿಯಲು ನನಗೆ ಗಳಿಗೆ ಹಿಡಿಯಿತು.

"ಪ್ಲಾ... ಪ್ಲಾಸ್ಟಿಕ್ ಅಲ್ವೇನ್ರೀ," ಎಂದಳು. ನನ್ನ ಕೈಯ ಡಬ್ಬಿಯತ್ತ ಕಣ್ಣು ಹಾಯಿಸಿ, "ಉಪ್ಪು... ಬೇರೆ."

ಆ ಸಂಜೆ ಅವಳು ಇನ್ನೂ ನಾಲ್ಕು ಮಾತಾಡಿದಳು. ಎರಡು ನಾಯಿಗೆ, ಎರಡು ನನಗೆ. ಜೀವವಿಲ್ಲದ ವಸ್ತುವಿಗೆ ಕೃತಜ್ಞತೆ ಹೇಳುವುದು ಹೇಗೆಂದು ತಿಳಿಯದೆ, ಅದರ ಹೊಟ್ಟೆಗೆ ಹೊಸ ಸೆಲ್ಲು ಹಾಕಿದೆ.