ಬೀಟ್ ಅತ್ತಿಗೆಯದು

ಅತ್ತಿಗೆಯ ಕಿವಿಯ ಹಾಲೆಗಳು ಯಾವಾಗಲೂ ಕೆಂಪಾಗಿರುತ್ತಿದ್ದವು. ಬಿಗಿಯಾದ ಹೆಡ್‌ಫೋನಿನಡಿ ಓಲೆ ಒತ್ತಿ ಒತ್ತಿ ಹಾಗಾಗುತ್ತಿತ್ತು. ಓಲೆ ಬಿಚ್ಚಿಡಿ ಎಂದರೆ, "ಎಲ್ಲೋ ಇಟ್ಟು ಮರ‍್ತುಬಿಡ್ತೀನಿ ಕಣಪ್ಪ" ಎನ್ನುತ್ತಿದ್ದರು.

ಮದುವೆಯಾಗಿ ಸಖರಾಯಪಟ್ಟಣದಿಂದ ನಮ್ಮ ಕಡೂರಿನ ಮನೆಗೆ ಬಂದಾಗ ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದಿದ್ದರು. ಹಗಲು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವುದು, ಸಂಜೆ ಸಂಗೀತ. ತವರಿನ ತೆಂಗಿನಕಾಯಿ ಸುಲಿಯುವ ಯಂತ್ರದ ಸದ್ದು, ಗೂಡ್ಸ್ ಬೋಗಿಗಳು ಒಂದಕ್ಕೊಂದು ಬಡಿಯುವ ಸದ್ದು, ಇಂಥವನ್ನು ಫೋನಿನಲ್ಲಿ ಹಿಡಿದು ತಂದು, ಕತ್ತರಿಸಿ, ಹಿಗ್ಗಿಸಿ ಬೀಟ್ ಕಟ್ಟುತ್ತಿದ್ದರು. ಅದರ ಮೇಲೆ ನನ್ನ ರ‍್ಯಾಪ್. "ಫ್ಯಾನ್ ಆರ‍್ಸು, ಅದೂ ತಾಳ ಹಾಕ್ತದೆ" ಎಂದು ಗದರುವರು. ನಾನು ಮಾತು ತುರುಕಿದರೆ, "ಜಾಗ ಬಿಡಪ್ಪ, ಕೇಳೋರೂ ಉಸಿರಾಡ್ಬೇಕು" ಎನ್ನುವರು.

ಹೀಗೆ ಇಬ್ಬರೂ ಸೇರಿ ಮಾಡಿದ ಆಲ್ಬಮ್ಮನ್ನು ಇಂಟರ್‌ನೆಟ್ಟಿಗೆ ಹಾಕಿದೆವು. ಮುಖಚಿತ್ರದಲ್ಲಿ ಇಬ್ಬರ ಹೆಸರೂ ಇತ್ತು. ಬೆಂಗಳೂರಿನ ವಿಮರ್ಶಕರೊಬ್ಬರು ಬರೆದರು: ಮಾತು ಸಾಧಾರಣ, ಸಂಗೀತ ಅಪರೂಪದ್ದು, ಈ ಹುಡುಗನಿಗೆ ಸದ್ದು ಒಲಿದಿದೆ, ನಡುವೆ ಬರುವ ಹೆಣ್ಣು ದನಿಯೂ ಇಂಪಾಗಿದೆ. ಆ ದನಿ ಅತ್ತಿಗೆಯದೇ ಅಲ್ಲ, ರೈಲು ಬರುವುದನ್ನು ಸ್ಟೇಷನ್ನಿನಲ್ಲಿ ಸಾರುವ ದನಿ. ಅತ್ತಿಗೆ ಓದಿ, "ರೈಲಮ್ಮಂಗೆ ಹೆಸರು ಬಂತಲ್ಲ ಬಿಡು" ಎಂದರು. ಸಂಗೀತ ಅತ್ತಿಗೆಯದೆಂದು ನಾನು ಫೋನ್ ಮಾಡಿ ಹೇಳಿದೆ. ವಿಮರ್ಶಕರು ಕೊನೆಯಲ್ಲಿ ಒಂದು ಸಾಲು ತಿದ್ದುಪಡಿ ಹಾಕಿದರು. ಅಷ್ಟರಲ್ಲಿ ಉಳಿದವರೂ ಮೊದಲಿನದನ್ನೇ ನೋಡಿ ಬರೆದಾಗಿತ್ತು.

ತರೀಕೆರೆಯ ಕಾಲೇಜೊಂದು ನನ್ನೊಬ್ಬನನ್ನೇ ಕರೆಯಿತು. "ನೀವೂ ಬನ್ನಿ ಅತ್ತಿಗೆ" ಎಂದು ಕರೆದೆ. ಕರೆದದ್ದೂ ಹೊರಡುವ ಹೊತ್ತಿನಲ್ಲಿ, ಬೂಟು ಹಾಕಿಕೊಂಡು, ಬಾಗಿಲಲ್ಲಿ ನಿಂತು. "ಇನ್ನೊಂದ್ಸಲ ಬತ್ತೀನಿ" ಎಂದರು.

ಅಲ್ಲಿ ಹುಡುಗನೊಬ್ಬ ಎದ್ದು ಕೇಳಿದ: "ಅಣ್ಣ, ಎರಡ್ನೇ ಹಾಡಲ್ಲಿ ಬೀಟ್ ದಿಢೀರ್ ಅಂತ ನಿಂತೋಗ್ತದಲ್ಲ, ಅದ್ಹೆಂಗ್ ಹೊಳೀತು?"

"ಅದು ನಮ್ ಅತ್ತಿಗೆ ಮಾಡಿದ್ದು."

ಇಡೀ ಸಭಾಂಗಣ ನಕ್ಕಿತು. ತಮಾಷೆ ಎಂದುಕೊಂಡರು. ನಾನೂ ನಕ್ಕುಬಿಟ್ಟೆ.

ಆ ಕಾರ್ಯಕ್ರಮದ ವಿಡಿಯೊ ಅತ್ತಿಗೆಗೂ ತಲುಪಿತು. ಮರುದಿನ ಊಟಕ್ಕೆ ಬಡಿಸುತ್ತ ಹೇಳಿದರು: "ನೀನ್ ಹೇಳಿದ್ದು ಕೇಳಿಸ್ತು ಕಣಪ್ಪ. ಆಮೇಲೆ ನಕ್ಕಿದ್ದೂ ಕೇಳಿಸ್ತು." ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

ಆಮೇಲೆ ನನಗಾಗಿ ಅವರು ಬೀಟ್ ಕಟ್ಟಲಿಲ್ಲ. ಮುನಿಸೂ ತೋರಲಿಲ್ಲ. ಅಜ್ಜಂಪುರದ ಒಬ್ಬ ಹುಡುಗಿಯ ಜೊತೆ ಹೊಸ ಆಲ್ಬಮ್ ಮಾಡಿದರು. ನನ್ನದಕ್ಕಿಂತ ಎಷ್ಟೋ ಮೇಲು. ಕಳೆದ ವಾರ ಅದರ ವಿಮರ್ಶೆ ಬಂತು. ಹೊಗಳಿಕೆಯೇ, ಆದರೆ ನಡುವೆ ಒಂದು ಮಾತು: ಈಕೆ ತಮ್ಮ ಮೈದುನನ ಶೈಲಿಯನ್ನು ಚೆನ್ನಾಗಿ ಕಲಿತಿದ್ದಾರೆ.

ಅದರ ಕೆಳಗೆ ನನ್ನ ಹೆಸರು ಹಾಕಿಯೇ ಬರೆದೆ: "ಕಲಿತವನು ನಾನು. ಹಿಂದಿನ ಆಲ್ಬಮ್ಮಿನ ಸಂಗೀತ ಪೂರ್ತಿ ಇವರದು. ತರೀಕೆರೆಯ ವೇದಿಕೆಯಲ್ಲಿ ನಾನು ನಗಬಾರದಿತ್ತು."

ಎಷ್ಟು ಜನ ಓದಿದರೋ ಗೊತ್ತಿಲ್ಲ. ಅತ್ತಿಗೆ ಓದಿದರು. ಫೋನ್ ಬದಿಗಿಟ್ಟು ಮತ್ತೆ ಹೆಡ್‌ಫೋನ್ ಹಾಕಿಕೊಂಡರು.